ನಾರಂಗದ ಯುರೋಪ್ ಸಂಚಾರ

ಏಪ್ರಿಲ್ 27 ನೆದರ್‌ಲ್ಯಾಂಡ್ಸ್‌ನ ಅರಸನ ಹುಟ್ಟುಹಬ್ಬ. ಅಂದು ಆ ದೇಶದ ಊರೂರುಗಳಲ್ಲಿ ಜನ ಕಿತ್ತಳೆ ಬಣ್ಣದ ಅಂಗಿ ತೊಟ್ಟು, ಅದೇ ಬಣ್ಣದ ಟೋಪಿ ಇಟ್ಟು ಬೀದಿಗಿಳಿಯುತ್ತಾರೆ. ಅವರ ಫುಟ್‌ಬಾಲ್ ತಂಡ ಆಡುವ ದಿನವೂ ಹಾಗೆಯೇ. ಆ ಬಣ್ಣಕ್ಕೂ ತಂಡಕ್ಕೂ ರಾಜಮನೆತನಕ್ಕೂ ಡಚ್ಚರಲ್ಲಿ ಒಂದೇ ಹೆಸರು, ‘ಒರಾನ್ಯ’. ಆದರೆ ಅದೇ ಜನ ಅಂಗಡಿಗೆ ಹೋಗಿ ಹಣ್ಣು ಕೇಳುವಾಗ ಆ ಪದ ಎತ್ತುವುದಿಲ್ಲ. ‘ಸಿನಾಸಪ್ಪೆಲ್’ ಕೊಡಿ ಎನ್ನುತ್ತಾರೆ. ಹಾಗೆಂದರೆ ಚೀನಾದ ಸೇಬು. ಗ್ರೀಕರು ಇದೇ ಹಣ್ಣನ್ನು ‘ಪೋರ್ತೊಕಾಲಿ’ ಎನ್ನುತ್ತಾರೆ, ಪೋರ್ಚುಗಲ್ಲಿನದು ಎಂಬರ್ಥದಲ್ಲಿ. ಪೋರ್ಚುಗೀಸರನ್ನು ಕೇಳಿದರೆ ಅವರಲ್ಲಿ ಅಂಥ ಪದವೇ ಇಲ್ಲ, ಅವರದು ‘ಲರಾಂಜ’. ರಷ್ಯನ್ನರು ಹಣ್ಣಿಗೆ ಒಂದು ಪದ, ಬಣ್ಣಕ್ಕೆ ಇನ್ನೊಂದು ಪದ ಇಟ್ಟುಕೊಂಡಿದ್ದಾರೆ. ಎರಡಕ್ಕೂ ಪರಸ್ಪರ ಸಂಬಂಧವಿಲ್ಲ. ಫ್ರೆಂಚರಲ್ಲಿ ‘ಒರಾಂಝ್’ ಎಂದರೆ ಹಣ್ಣು, ಬಣ್ಣ, ಜೊತೆಗೆ ಒಂದು ಊರು.

ಇಷ್ಟೆಲ್ಲ ಗೋಜಲಿನ ಒಳಗೆ ಒಂದು ಸರಳ ಲೆಕ್ಕವಿದೆ. ಯುರೋಪಿನ ಭಾಷೆಗಳಲ್ಲಿ ಈ ಹಣ್ಣಿನ ಹೆಸರು ಮರ ಎಲ್ಲಿ ಹುಟ್ಟಿತು ಎಂದು ಹೇಳುವುದಿಲ್ಲ. ಆಯಾ ಜನ ಅದನ್ನು ಯಾರ ಕೈಯಿಂದ ಕೊಂಡರು ಎಂದು ಹೇಳುತ್ತದೆ. ಆ ಲೆಕ್ಕಕ್ಕೆ ಸಿಗದೆ ಉಳಿಯುವುದು ಫ್ರಾನ್ಸಿನ ಆ ಊರೊಂದೇ. ಅದಕ್ಕೂ ಹಣ್ಣಿಗೂ ಹುಟ್ಟಿನಿಂದ ಯಾವ ನಂಟೂ ಇಲ್ಲ. ಆದರೂ ಚರಿತ್ರೆಯಲ್ಲಿ ಹಣ್ಣಿಗಿಂತ ದೊಡ್ಡ ಗದ್ದಲ ಎಬ್ಬಿಸಿದ್ದು ಅದೇ.

ಹೆಸರಿಗೆ ಹೋಗುವ ಮೊದಲು ಹಣ್ಣನ್ನು ಬಿಡಿಸಿಕೊಳ್ಳೋಣ. ಕಿತ್ತಳೆ ಎಂದು ನಾವು ಒಟ್ಟಾಗಿ ಹೇಳುವುದರಲ್ಲಿ ಮೂರು ಬಗೆಗಳಿವೆ. ಸಿಪ್ಪೆ ಸಲೀಸಾಗಿ ಬಿಡುವ, ಕೊಡಗಿನಲ್ಲೂ ನಾಗಪುರದಲ್ಲೂ ಬೆಳೆಯುವ ಹಣ್ಣು ಒಂದು; ಇಂಗ್ಲಿಷಿನಲ್ಲಿ ಅದು ಮ್ಯಾಂಡರಿನ್. ಸಿಪ್ಪೆ ತೊಳೆಗೆ ಬಿಗಿಯಾಗಿ ಅಂಟಿದ, ರಸ ಹಿಂಡಲು ತಕ್ಕುದಾದ ಸಿಹಿ ಕಿತ್ತಳೆ ಇನ್ನೊಂದು. ಮೂರನೆಯದು ಕಹಿ ಕಿತ್ತಳೆ. ಹಾಗೇ ತಿನ್ನಲಾಗದು, ಆದರೆ ಅದರ ಹೂವಿನ ಪರಿಮಳಕ್ಕೆ ಸಾಟಿಯಿಲ್ಲ. ಸಿಹಿ, ಕಹಿ ಎರಡೂ ಮ್ಯಾಂಡರಿನ್ನಿಗೂ ನಮ್ಮ ಚಕ್ಕೋತದ ಜಾತಿಗೂ ಬೆರಕೆಯಾಗಿ ಹುಟ್ಟಿದವು. ನಿಂಬೆ ಜಾತಿಯ ಮರಗಳೆಲ್ಲದರ ತವರು ಅಸ್ಸಾಮಿನ ಪೂರ್ವ ಭಾಗ, ಉತ್ತರ ಮ್ಯಾನ್ಮಾರ್ ಮತ್ತು ಚೀನಾದ ಯುನ್ನಾನ್ ಸೇರುವ ಹಿಮಾಲಯದ ತಪ್ಪಲು ಎಂದು ವಂಶವಾಹಿಗಳನ್ನು ಓದಿದ ವಿಜ್ಞಾನಿಗಳು 2018ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಯುರೋಪಿಗೆ ಮೊದಲು ಹೋದದ್ದು ಕಹಿ ಹಣ್ಣು. ಸಿಹಿ ಹಣ್ಣು ಅಲ್ಲಿ ನೆಲೆಯೂರಿದ್ದು ಎಷ್ಟೋ ಶತಮಾನ ಕಳೆದ ಮೇಲೆ. ಹೆಸರುಗಳ ಮುಕ್ಕಾಲು ಪಾಲು ತೊಡಕು ಈ ಅಂತರದಲ್ಲೇ ಇದೆ.

ಪದದ ಬೇರು ನಮ್ಮ ಕಡೆಯದು. ಸಂಸ್ಕೃತದಲ್ಲಿ ‘ನಾರಂಗ’ ಇದೆ, ‘ನಾಗರಂಗ’ವೂ ಇದೆ, ಎರಡನೆಯದು ಅಮರಕೋಶದಲ್ಲಿ ಸಿಗುತ್ತದೆ. ಆದರೆ ಪದ ಸಂಸ್ಕೃತದಲ್ಲೇ ಹುಟ್ಟಿದ್ದಲ್ಲ, ದ್ರಾವಿಡದಿಂದ ಬಂದದ್ದು ಎಂಬುದೇ ಭಾಷಾಶಾಸ್ತ್ರಜ್ಞರಲ್ಲಿ ಹೆಚ್ಚು ಚಲಾವಣೆಯಲ್ಲಿರುವ ಮಾತು. ತಮಿಳಿನಲ್ಲಿ ‘ನಾರತ್ತೈ’, ‘ನಾರ್ತಂಗಾಯ್’ ಇವೆ. ಮಲಯಾಳದಲ್ಲಿ ‘ನಾರಂಗ’, ತೆಲುಗಿನಲ್ಲಿ ‘ನಾರಿಂಜ’. ಪರಿಮಳ ಎಂಬ ಅರ್ಥದ ‘ನಱು’ ಧಾತುವಿಗೆ ಇದನ್ನು ಜೋಡಿಸುವವರಿದ್ದಾರೆ. ಹಳಗನ್ನಡದ ‘ನರುಗಂಪು’ ಓದಿದವರಿಗೆ ಆ ಧಾತು ಹೊಸದಲ್ಲ. ಅದರ ಬಳಗದ ‘ನಾರು’, ‘ನಾತ’ ಮಾತ್ರ ಕನ್ನಡದಲ್ಲಿ ಕೆಟ್ಟ ವಾಸನೆಯ ಪಾಲಾದವು. ಪದದ ಕೊನೆಯ ತುಂಡು ‘ಕಾಯ್’ ಎಂದೂ, ಅದೇ ‘ಗ’ ಆಗಿ ಸವೆಯಿತೆಂದೂ ವಾದವಿದೆ. ದ್ರಾವಿಡ ಮೂಲ ಎನ್ನುವಷ್ಟನ್ನು ನಾನು ಒಪ್ಪುತ್ತೇನೆ. ಧಾತು ಯಾವುದು ಎಂಬುದರ ಮೇಲೆ ಪಣ ಕಟ್ಟುವುದಿಲ್ಲ.

ಇದಕ್ಕೊಂದು ಕಥೆಯನ್ನೂ ಅಂಟಿಸಿದ್ದಾರೆ. ಆನೆಯೊಂದು ಕಾಡಿನಲ್ಲಿ ಈ ಹಣ್ಣು ಕಂಡು, ಆಸೆಗೆ ಬಿದ್ದು ಮಿತಿಮೀರಿ ತಿಂದು ಹೊಟ್ಟೆಯೊಡೆದು ಸತ್ತಿತಂತೆ. ‘ನಾಗ’ ಎಂದರೆ ಆನೆ, ಆದ್ದರಿಂದ ‘ನಾಗರಂಗ’. ಇಂಗ್ಲಿಷಿನ ಜನಪ್ರಿಯ ಪುಸ್ತಕಗಳಲ್ಲಿ ಇದು ಮರಳಿ ಮರಳಿ ಬರುತ್ತದೆ. ಹೊರಗಿನಿಂದ ಬಂದ ‘ನಾರಂಗ’ಕ್ಕೆ ಸಂಸ್ಕೃತದೊಳಗೆ ಅರ್ಥ ಹುಡುಕಲು ಹೋಗಿ ‘ನಾಗ’ವನ್ನು ಕೂಡಿಸಿಕೊಂಡಿರಬೇಕು, ಆಮೇಲೆ ಆನೆ ಬಂದಿರಬೇಕು.

ಕನ್ನಡ ಈ ಮೆರವಣಿಗೆಯಲ್ಲಿ ಸೇರಲಿಲ್ಲ ಎನ್ನುವುದು ಮಜವಾದ ಸಂಗತಿ. ನಮ್ಮಲ್ಲಿ ‘ಈಳೆ’ ಎಂಬ ಹಳೆಯ ಪದವಿತ್ತು. ಕಿರಿದಾದ ಈಳೆ ‘ಕಿತ್ತೀಳೆ’, ಅದೇ ಕಿತ್ತಳೆ. ಹಿರಿದಾದ ಈಳೆ ‘ಹೇರೀಳೆ’, ಅದೇ ಗೊಜ್ಜಿಗೂ ಚಿತ್ರಾನ್ನಕ್ಕೂ ಬಳಸುವ ಹೇರಳೆ ಎಂದು ಬಿಡಿಸುವುದುಂಟು. ‘ಕಿರು’ ಎಂಬುದು ಸ್ವರದ ಮುಂದೆ ‘ಕಿತ್ತ್’ ಆಗುವುದು ‘ಕಿತ್ತಡಿ’ಯಲ್ಲೂ ಕಾಣುವುದರಿಂದ ಈ ಬಿಡಿಸುವಿಕೆ ನನಗೆ ಒಪ್ಪಿಗೆ. ನೆರೆಹೊರೆಯ ನುಡಿಗಳ ಪದ ಸಮುದ್ರ ದಾಟಿ ಲೋಕ ಸುತ್ತುತ್ತಿದ್ದಾಗ ಕನ್ನಡಿಗರು ಮನೆಯ ಪದವನ್ನೇ ಚಿಕ್ಕದು ದೊಡ್ಡದು ಮಾಡಿಕೊಂಡು ಕೂತರು.

ಪಶ್ಚಿಮಕ್ಕೆ ಹೊರಟ ಪದ ಪರ್ಷಿಯನ್ನಿನಲ್ಲಿ ‘ನಾರಂಗ್’ ಆಯಿತು. ಅರಬ್ಬಿಯಲ್ಲಿ ‘ಗ’ ಇಲ್ಲದ್ದರಿಂದ ‘ನಾರಂಜ್’ ಆಯಿತು. 10ನೇ ಶತಮಾನದ ಅರಬ್ ಇತಿಹಾಸಕಾರ ಅಲ್-ಮಸೂದಿ, ಈ ಮರವನ್ನು ಹಿಜರಿ 300ರ ಬಳಿಕ ಭಾರತದಿಂದ ತಂದು ಮೊದಲು ಒಮಾನಿನಲ್ಲಿ ನೆಟ್ಟರು, ಅಲ್ಲಿಂದ ಬಸ್ರಾ, ಇರಾಕ್, ಸಿರಿಯಾಗಳಿಗೆ ಹಬ್ಬಿತು ಎಂದು ಬರೆದಿದ್ದಾನೆ. ಹಿಜರಿ 300 ಎಂದರೆ ಕ್ರಿ.ಶ. 912ರ ಸುಮಾರು. ಬರೆದವನು ಹೆಚ್ಚುಕಡಿಮೆ ಅದೇ ಕಾಲದವನಾದ್ದರಿಂದ ಈ ಸಾಕ್ಷಿಗೆ ತೂಕವಿದೆ. ಅರಬ್ಬರ ಜೊತೆ ಮರ ಸಿಸಿಲಿಗೂ ಸ್ಪೇನಿಗೂ ಹೋಯಿತು. ಮಸೀದಿಯ ಅಂಗಳದಲ್ಲಿ ನೀರಿನ ಕಾಲುವೆ ತೋಡಿ ಇದನ್ನು ಸಾಲಾಗಿ ನೆಟ್ಟು ನೆರಳಿಗೂ ಸುವಾಸನೆಗೂ ಬೆಳೆಸುವುದು ಅಲ್ಲಿಯ ರೂಢಿಯಾಯಿತು. ಸೆವಿಲ್ಲೆಯಲ್ಲೂ ಕೊರ್ದೊಬಾದಲ್ಲೂ ಮಸೀದಿ ಚರ್ಚಾದ ಮೇಲೂ ಆ ಅಂಗಳದ ಹೆಸರು ‘ಪಾತಿಯೋ ದೆ ಲೋಸ್ ನರಾಂಹೋಸ್’ ಎಂದೇ ಉಳಿದಿದೆ: ನಾರಂಗದ ಮರಗಳ ಅಂಗಳ. ಸ್ಪೇನಿನ ‘ನರಾಂಹ’, ಹಂಗೇರಿಯ ‘ನರಾಂಚ್’, ಕ್ರೊಯೇಷಿಯಾದ ‘ನರಾಂಚ’, ಸರ್ಬಿಯಾದ ‘ನರಾಂಜ’ ಎಲ್ಲ ಮೊದಲ ‘ನ’ವನ್ನು ಬಿಡದೆ ಹಿಡಿದುಕೊಂಡವು. ಪೋರ್ಚುಗೀಸರ ಬಾಯಲ್ಲಿ ಅದು ‘ಲ’ ಆಯಿತು. ಕೆಟಲನ್ ಭಾಷೆಯಲ್ಲಿ ಮಾದಲ ಜಾತಿಯ ಹಣ್ಣಿನ ಅರಬ್ಬಿ ಹೆಸರು ಬೆರೆತು ‘ತರೊಂಜ’ ಆಯಿತು.

ಇಟಲಿಯಲ್ಲಿ ‘ನ’ ಬಿದ್ದುಹೋಯಿತು. ವೆನಿಸ್ಸಿನವರು ‘ನರಾಂಜ’ ಎಂದು ಉಳಿಸಿಕೊಂಡರೂ ಒಟ್ಟು ಇಟಾಲಿಯನ್ನಿನಲ್ಲಿ ಅದು ‘ಅರಾಂಚ’. ಹಿಂದೆ ಬರುವ ‘ಊನ’ ಎಂಬ ಉಪಪದದ ಕೊನೆಯ ‘ನ’ದಲ್ಲಿ ಪದದ ಮೊದಲ ‘ನ’ ಕರಗಿತು ಎಂದು ವಿವರಿಸುತ್ತಾರೆ. ಇಂಗ್ಲಿಷ್ ಪಾಠ ಹೇಳುವ ಮೇಷ್ಟ್ರುಗಳಿಗೆ ಇಲ್ಲೊಂದು ಪ್ರಿಯವಾದ ತಪ್ಪಿದೆ. ‘ಎ ನಾರೆಂಜ್’ ಇದ್ದದ್ದು ‘ಆ್ಯನ್ ಆರೆಂಜ್’ ಆಯಿತು ಎನ್ನುತ್ತಾರೆ. ‘ಏಪ್ರನ್’, ‘ಅಂಪೈರ್’ ಪದಗಳ ವಿಷಯದಲ್ಲಿ ಅದು ನಿಜ. ಅವು ಇಂಗ್ಲಿಷಿನೊಳಗೇ ‘ನ’ ಕಳೆದುಕೊಂಡವು. ಆರೆಂಜ್ ಮಾತ್ರ ಇಂಗ್ಲೆಂಡ್ ಮುಟ್ಟುವ ಮೊದಲೇ ‘ನ’ ಬಿಟ್ಟಿತ್ತು. 14ನೇ ಶತಮಾನದಲ್ಲಿ ಅದು ಅಲ್ಲಿಗೆ ಬಂದದ್ದು ಫ್ರೆಂಚಿನಿಂದ, ‘ಒ’ಕಾರದ ಸಮೇತ.

ಆ ‘ಒ’ ಎಲ್ಲಿಂದ ಬಂತು? ಫ್ರೆಂಚಿನಲ್ಲಿ ‘ಓರ್’ ಎಂದರೆ ಚಿನ್ನ. ಹೊಂಬಣ್ಣದ ಹಣ್ಣು, ಕಿವಿಗೆ ಹತ್ತಿರದ ಪದ; ಎರಡೂ ಕೂಡಿಕೊಂಡವು. ಮಧ್ಯಯುಗದ ಲ್ಯಾಟಿನ್ ಪಂಡಿತರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಲ್ಯಾಟಿನ್ನಿನ ಚಿನ್ನವಾದ ‘ಔರುಮ್’ನಿಂದ ‘ಔರಾಂಟಿಯಮ್’ ಎಂಬ ರೂಪವನ್ನು ಕಡೆದರು. ಕೇಳಲು ಗಂಭೀರವಾಗಿದೆ, ವ್ಯುತ್ಪತ್ತಿಯಾಗಿ ಪೊಳ್ಳು. 1753ರಲ್ಲಿ ಲಿನೇಯಸ್ ಸಸ್ಯಗಳಿಗೆ ಹೆಸರಿಡುವಾಗ ಅದನ್ನೇ ಎತ್ತಿಕೊಂಡು ‘ಸಿಟ್ರಸ್ ಔರಾಂಟಿಯಮ್’ ಎಂದ. ಸಿಹಿ ಹಣ್ಣಿಗೆ ‘ಸೈನೆನ್ಸಿಸ್’, ಅಂದರೆ ಚೀನಾದ್ದು, ಎಂಬ ಬಾಲ ಸೇರಿಸಿದ. ತಮಿಳು ಮಲಯಾಳಗಳ ಬೇರಿನ ಪದ ಹೀಗೆ ಚಿನ್ನದ ಮುಲಾಮು ಹಚ್ಚಿಸಿಕೊಂಡು ವಿಜ್ಞಾನದ ಪುಸ್ತಕದೊಳಗೆ ಕೂತಿತು.

ಇನ್ನು ಆ ಊರು. ದಕ್ಷಿಣ ಫ್ರಾನ್ಸಿನಲ್ಲಿ, ರೋನ್ ನದಿಯ ಬಯಲಿನಲ್ಲಿ, ಆವಿನ್ಯೊನ್‌ಗೆ ಹತ್ತಿರದಲ್ಲಿ ಒರಾಂಝ್ ಎಂಬ ಪಟ್ಟಣವಿದೆ. ಅದರ ಮೊದಲ ಹೆಸರು ‘ಅರೌಸಿಯೊ’. ಅದು ಸ್ಥಳೀಯ ಕೆಲ್ಟಿಕ್ ಜಲದೇವತೆಯ ಹೆಸರು. ಕ್ರಿ.ಪೂ. 105ರಲ್ಲಿ ಅದರ ಬಳಿ ಉತ್ತರದ ಕಿಂಬ್ರಿ ಮತ್ತು ಟ್ಯೂಟನ್ ಬುಡಕಟ್ಟುಗಳು ರೋಮಿನ ಸೇನೆಯನ್ನು ನುಚ್ಚುನೂರು ಮಾಡಿದ್ದವು. ಆಮೇಲೆ ರೋಮನ್ನರು ತಮ್ಮ ನಿವೃತ್ತ ಸೈನಿಕರನ್ನು ಅಲ್ಲಿ ನೆಲೆಗೊಳಿಸಿದರು. ಅವರು ಕಟ್ಟಿದ ನಾಟಕಶಾಲೆ ಮತ್ತು ವಿಜಯದ ಕಮಾನು ಈಗಲೂ ನಿಂತಿದ್ದು, 1981ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಈ ‘ಅರೌಸಿಯೊ’ ಆ ಕಡೆಯ ಜನರ ನಾಲಗೆಯಲ್ಲಿ ಸವೆದು ‘ಔರೆಂಜ’ ಆಯಿತು, ಕೊನೆಗೆ ‘ಒರಾಂಝ್’. ಅತ್ತ ನಾರಂಗ ಸವೆಯುತ್ತ ಬಂದು ಅದೇ ದನಿಗೆ ಇಳಿದಿತ್ತು. ಕೆಲ್ಟರ ನೀರಿನ ದೇವರೂ ದ್ರಾವಿಡರ ಹಣ್ಣೂ ಫ್ರೆಂಚಿನ ಒಂದೇ ಉಚ್ಚಾರದಲ್ಲಿ ಎದುರುಬದುರಾದವು. ಹಣ್ಣಿನ ಗಾಡಿಗಳು ಆ ಊರಿನ ಮೂಲಕ ಉತ್ತರಕ್ಕೆ ಹೋಗುತ್ತಿದ್ದರಿಂದ ಊರ ಹೆಸರೇ ಹಣ್ಣಿನ ಹೆಸರನ್ನು ‘ಒ’ಕಾರಕ್ಕೆ ತಿರುಗಿಸಿತು ಎಂದು ಹೇಳುವವರೂ ಇದ್ದಾರೆ. ಚಿನ್ನವೋ ಊರೋ, ಎರಡೂ ಕೈಜೋಡಿಸಿರಬಹುದು.

12ನೇ ಶತಮಾನದಲ್ಲಿ ಒರಾಂಝ್ ಪುಟ್ಟ ಸಂಸ್ಥಾನವಾಯಿತು. ಅದರ ಲಾಂಛನದಲ್ಲಿ ಇದ್ದದ್ದು ಹಣ್ಣಲ್ಲ, ಬೇಟೆಗಾರರು ಊದುವ ನೀಲಿ ಕೊಂಬು. ಸಂಸ್ಥಾನ ಕೈಯಿಂದ ಕೈಗೆ ಹೋಗಿ 16ನೇ ಶತಮಾನದಲ್ಲಿ ನಸ್ಸೌ ಮನೆತನಕ್ಕೆ ಬಂತು. 1544ರಲ್ಲಿ ಅದರ ಒಡೆಯ ರೆನೆ ಯುದ್ಧದಲ್ಲಿ ಸತ್ತಾಗ ಜರ್ಮನಿಯಲ್ಲಿದ್ದ ಅವನ ದಾಯಾದಿ, 11 ವರ್ಷದ ಹುಡುಗ ವಿಲಿಯಂನಿಗೆ ಒರಾಂಝ್ ಪಟ್ಟ ಸಿಕ್ಕಿತು. ಮುಂದೆ ಇದೇ ಹುಡುಗ ಸ್ಪೇನಿನ ದೊರೆಯ ವಿರುದ್ಧ ಡಚ್ಚರ ದಂಗೆಯ ನಾಯಕನಾದ. 1584ರಲ್ಲಿ ಡೆಲ್ಫ್ಟ್‌ನಲ್ಲಿ ಗುಂಡಿಗೆ ಬಲಿಯಾದ. ಅವನ ಕಡೆಯವರು ಹಾರಿಸಿದ ಬಾವುಟದ ಪಟ್ಟಿಗಳು ಕಿತ್ತಳೆ, ಬಿಳಿ, ನೀಲಿ. ದೂರದ ಫ್ರೆಂಚ್ ಊರಿನ ಹೆಸರು, ಅದೇ ದನಿಯ ಹಣ್ಣಿನ ಮೂಲಕ, ಒಂದು ದೇಶದ ಬಣ್ಣವಾದದ್ದು ಹೀಗೆ. ಇದರಲ್ಲಿ ಪೂರ್ತಿಯಾಗಿ ಶ್ಲೇಷೆಯ ಕೈವಾಡ.

ಊರಿನ ಪಾಡು ನೋಡಿ. 1713ರ ಉಟ್ರೆಕ್ಟ್ ಒಪ್ಪಂದದಲ್ಲಿ ಒರಾಂಝ್ ಫ್ರಾನ್ಸಿನ ಪಾಲಾಯಿತು. ಜಮೀನು ಹೋಯಿತು, ಬಿರುದು ಉಳಿಯಿತು. ಡಚ್ ಅರಮನೆಯ ಮಕ್ಕಳು ಇಂದಿಗೂ ಒರಾನ್ಯ-ನಸ್ಸೌ ಮನೆತನದವರೇ. ಬಾವುಟದ ಕಿತ್ತಳೆ ಪಟ್ಟಿ 17ನೇ ಶತಮಾನದಲ್ಲೇ ಕೆಂಪಿಗೆ ತಿರುಗಿತು. ಕೆಂಪು, ಬಿಳಿ, ನೀಲಿಯೇ ಅಧಿಕೃತ ಎಂದು 1937ರಲ್ಲಿ ರಾಜಾಜ್ಞೆ ಹೊರಟಿತು. ಕಿತ್ತಳೆಗೆ ಈಗ ಅರಮನೆಯ ಹಬ್ಬಗಳಂದು ಬಾವುಟದ ಮೇಲೆ ಕಟ್ಟುವ ಉದ್ದನೆಯ ಪಟ್ಟಿಯಲ್ಲಿ ಜಾಗ. 1780ರ ದಶಕದಲ್ಲಂತೂ ಆ ಮನೆತನದ ವಿರೋಧಿಗಳು ಅಧಿಕಾರ ಹಿಡಿದ ಕಡೆಗಳಲ್ಲಿ ಕಿತ್ತಳೆ ರಿಬ್ಬನ್ ತೊಡುವುದನ್ನೇ ನಿಷೇಧಿಸಿದ್ದರು. ಈ ಕಾಲಮಾನಗಳಿಗೆ ತಳುಕು ಹಾಕಿ ಇನ್ನೊಂದು ಸುದ್ದಿ ಓಡಾಡುತ್ತದೆ: ಕ್ಯಾರೆಟ್ ಮೊದಲು ನೇರಳೆ, ಹಳದಿ ಬಣ್ಣದ್ದಾಗಿತ್ತು, ವಿಲಿಯಂನ ಗೌರವಕ್ಕೆಂದು ಡಚ್ ರೈತರು ಅದನ್ನು ಕಿತ್ತಳೆ ಮಾಡಿದರು. ಕಿತ್ತಳೆ ಕ್ಯಾರೆಟ್ ಆ ಶತಮಾನಗಳಲ್ಲಿ ಡಚ್ ನೆಲದಲ್ಲಿ ಪಳಗಿದ್ದು ಹೌದು. ಗೌರವಾರ್ಥ ಎಂಬುದಕ್ಕೆ ಆಧಾರವಿಲ್ಲ. ಆನೆಯ ಕಥೆಯ ಪಕ್ಕದಲ್ಲಿ ಇದಕ್ಕೂ ಒಂದು ಕುರ್ಚಿ ಹಾಕಬಹುದು.

ವಿಲಿಯಂನ ಮರಿಮಗ, ಮೂರನೆಯ ವಿಲಿಯಂ, 1689ರಲ್ಲಿ ಇಂಗ್ಲೆಂಡಿನ ದೊರೆಯಾದ. ಮರುವರ್ಷ ಐರ್ಲೆಂಡಿನ ಬಾಯ್ನ್ ನದಿಯ ದಡದಲ್ಲಿ ಪದಚ್ಯುತ ಕ್ಯಾಥೊಲಿಕ್ ದೊರೆ ಜೇಮ್ಸ್‌ನನ್ನು ಸೋಲಿಸಿದ. ಐರ್ಲೆಂಡಿನ ಪ್ರಾಟೆಸ್ಟೆಂಟರು ಅವನ ಹೆಸರಿನಲ್ಲಿ 1795ರಲ್ಲಿ ಆರೆಂಜ್ ಆರ್ಡರ್ ಕಟ್ಟಿದರು. ಜುಲೈ 12ರಂದು ಉತ್ತರ ಐರ್ಲೆಂಡಿನ ಬೀದಿಗಳಲ್ಲಿ ಅದರ ಮೆರವಣಿಗೆಗಳು ಇಂದಿಗೂ ಹೊರಡುತ್ತವೆ, ಕೆಲವೊಮ್ಮೆ ಕಲ್ಲುಗಳೂ ಹಾರುತ್ತವೆ. 1848ರಲ್ಲಿ ರೂಪುಗೊಂಡ ಐರಿಷ್ ತ್ರಿವರ್ಣದಲ್ಲಿ ಹಸಿರು ಕ್ಯಾಥೊಲಿಕರದು, ಕಿತ್ತಳೆ ವಿಲಿಯಂನ ಕಡೆಯವರದು, ನಡುವಿನ ಬಿಳಿ ಇಬ್ಬರ ನಡುವಿನ ಶಾಂತಿ. ನಮ್ಮ ಬಾವುಟದ ಕೇಸರಿಯನ್ನೂ ಅವರ ಕಿತ್ತಳೆಯನ್ನೂ ಅಕ್ಕಪಕ್ಕ ಇಟ್ಟರೆ ಕಣ್ಣಿಗೆ ಅಂಥ ವ್ಯತ್ಯಾಸ ಕಾಣದು; ಮೂಲದಲ್ಲಿ ಅಜಗಜಾಂತರ. ಡಚ್ಚರು ಹೋದಲ್ಲೆಲ್ಲ ಹೆಸರೂ ಹೋಯಿತು. ದಕ್ಷಿಣ ಆಫ್ರಿಕಾದ ಆರೆಂಜ್ ನದಿಯ ನೀರು ಕಿತ್ತಳೆ ಬಣ್ಣದ್ದೆಂದು ಆ ಹೆಸರು ಬಂದದ್ದಲ್ಲ. 1779ರಲ್ಲಿ ರಾಬರ್ಟ್ ಗಾರ್ಡನ್ ಎಂಬ ಡಚ್ ಸೇನಾಧಿಕಾರಿ ಅರಮನೆಯ ಗೌರವಕ್ಕೆ ಇಟ್ಟದ್ದು. ಅಂದರೆ ಆ ನದಿಯ ಹೆಸರಿನಲ್ಲಿ ಹಣ್ಣು ಇಲ್ಲವೇ ಇಲ್ಲ.

ಹಣ್ಣಿನಿಂದ ಬಣ್ಣಕ್ಕೆ ಪದ ಜಾರಿದ್ದು ತಡವಾಗಿ. ಇಂಗ್ಲಿಷಿನಲ್ಲಿ ಬಣ್ಣದ ಅರ್ಥ 16ನೇ ಶತಮಾನದ ಆರಂಭದಲ್ಲಿ ಕಾಣಿಸಿಕೊಳ್ಳುತ್ತದೆ. ಅದಕ್ಕೂ ಮೊದಲು ಹಳೆಯ ಇಂಗ್ಲಿಷಿನಲ್ಲಿ ‘ಹಳದಿಗೆಂಪು’ ಎಂಬಂಥ ಜೋಡುಪದವಿತ್ತು, ಇಲ್ಲವೇ ಸುಮ್ಮನೆ ‘ಕೆಂಪು’ ಎನ್ನುತ್ತಿದ್ದರು. ರಾಬಿನ್ ಹಕ್ಕಿಯ ಎದೆ ಸ್ಪಷ್ಟವಾಗಿ ಕಿತ್ತಳೆ ಬಣ್ಣದ್ದು. ಆದರೂ ಅದು ‘ರೆಡ್‌ಬ್ರೆಸ್ಟ್’. ನರಿಯೂ ಕೆಂಪು, ಕೆಂಚುಗೂದಲಿನವರೂ ಕೆಂಪು. ನ್ಯೂಟನ್ ಬೆಳಕನ್ನು ಒಡೆದು ನೋಡಿದಾಗ ಮೊದಲು ಐದೇ ಮುಖ್ಯ ಬಣ್ಣ ಎಣಿಸಿದ್ದ; ಆಮೇಲೆ ಏಳಕ್ಕೆ ಏರಿಸಲು ಸೇರಿಸಿದ ಎರಡರಲ್ಲಿ ಆರೆಂಜ್ ಒಂದು. ಕನ್ನಡದ ಮಕ್ಕಳು ಕಾಮನಬಿಲ್ಲಿನ ಪಟ್ಟಿ ಒಪ್ಪಿಸುವಾಗ ನೇರಳೆ ಒಂದು ತುದಿಗೆ, ಕಿತ್ತಳೆ ಇನ್ನೊಂದು ತುದಿಯ ಹತ್ತಿರ. ಎರಡೂ ಹಣ್ಣಿನಿಂದ ಬಣ್ಣಕ್ಕೆ ಹೋದವೇ.

ಇಷ್ಟರಲ್ಲಿ ಸಿಹಿ ಹಣ್ಣು ಯುರೋಪಿಗೆ ಬಂದಿತ್ತು. ಜಿನೋವಾದ ವರ್ತಕರು 15ನೇ ಶತಮಾನದಲ್ಲೇ ತಂದಿದ್ದರೂ ಅದಕ್ಕೆ ಹೆಸರು ತಂದುಕೊಟ್ಟವರು ಪೋರ್ಚುಗೀಸರು. 1498ರಲ್ಲಿ ವಾಸ್ಕೊ ಡ ಗಾಮ ಕಲ್ಲಿಕೋಟೆ ಮುಟ್ಟಿದ. 16ನೇ ಶತಮಾನದಲ್ಲಿ ಅವನ ನಂತರ ಬಂದವರು ಚೀನಾವರೆಗೆ ಹೋದರು. ಅವರ ತೋಟಗಳಿಂದ ಒಳ್ಳೆಯ ತಳಿ ಹೊರಟಿತು. ಈಗ ಜನರಿಗೆ ಒಂದು ಸಮಸ್ಯೆ ಎದುರಾಯಿತು: ನಾರಂಗ ಎಂದರೆ ಕಹಿ ಹಣ್ಣು, ಈ ಸಿಹಿಯದನ್ನು ಏನೆಂದು ಕರೆಯುವುದು? ಸ್ಪೇನ್, ಇಟಲಿ, ಫ್ರಾನ್ಸ್‌ಗಳು ಹಳೆಯ ಪದವನ್ನೇ ಸಿಹಿಗೆ ಕೊಟ್ಟು, ಕಹಿಗೆ ‘ಕಹಿ’ ಎಂಬ ವಿಶೇಷಣ ಹಚ್ಚಿದವು. ಪೂರ್ವ ಮೆಡಿಟರೇನಿಯನ್ ಹಾಗೆ ಮಾಡಲಿಲ್ಲ. ಗ್ರೀಕರಲ್ಲಿ ‘ನೆರಾಂಜಿ’ ಕಹಿಯದಾಗಿಯೇ ಉಳಿಯಿತು, ಸಿಹಿಯದು ‘ಪೋರ್ತೊಕಾಲಿ’. ಬಲ್ಗೇರಿಯಾದ ‘ಪೋರ್ತೊಕಾಲ್’, ರುಮೇನಿಯಾದ ‘ಪೋರ್ತೊಕಾಲ’, ಅಲ್ಬೇನಿಯಾದ ‘ಪೋರ್ತೊಕಾಲ್’, ತುರ್ಕರ ‘ಪೋರ್ತಕಾಲ್’ ಒಂದೇ ಸಾಲಿನವು. ಅರಬ್ಬರ ‘ಬುರ್ತುಕಾಲ್’ ಕೂಡ. ನಾರಂಗವನ್ನು ಯುರೋಪಿಗೆ ಒಯ್ದವರೇ ಅದೇ ಬಳಗದ ಸಿಹಿ ಹಣ್ಣಿಗೆ ಯುರೋಪಿನ ಹೆಸರು ವಾಪಸ್ ತಂದುಕೊಂಡರು! ದಕ್ಷಿಣ ಇಟಲಿಯ ನೇಪಲ್ಸ್ ಸೀಮೆಯ ಆಡುಮಾತಿನಲ್ಲೂ ಪೋರ್ಚುಗಲ್ಲಿನ ನೆರಳಿದೆ. ಪೋರ್ಚುಗಲ್ ಎಂಬ ಹೆಸರಾದರೂ ‘ಪೋರ್ತುಸ್ ಕಾಲೆ’ ಎಂಬ ರೋಮನ್ ಬಂದರಿನದು. ಅಥೆನ್ಸಿನ ಮಾರುಕಟ್ಟೆಯಲ್ಲಿ ಹಣ್ಣು ಕೊಳ್ಳುವವರು ಅರಿವಿಲ್ಲದೆ ಡೌರೊ ನದಿಯ ಬಾಯಿಯಲ್ಲಿದ್ದ ಹಳೆಯ ಹಡಗುಕಟ್ಟೆಯೊಂದರ ಹೆಸರು ಹೇಳುತ್ತಿರುತ್ತಾರೆ.

ಉತ್ತರದವರ ದಾರಿಯೇ ಬೇರೆ. ಆಮ್‌ಸ್ಟರ್‌ಡಾಮ್, ಹ್ಯಾಂಬರ್ಗ್ ಬಂದರುಗಳಿಗೆ ಹಡಗಿನಲ್ಲಿ ಬಂದ ಹಣ್ಣಿಗೆ ವ್ಯಾಪಾರಿಗಳು ಚೀನಾದ ಮುದ್ರೆ ಒತ್ತಿದರು. ಡಚ್ಚರ ‘ಸಿನಾಸಪ್ಪೆಲ್’, ಉತ್ತರ ಜರ್ಮನಿಯ ‘ಆಪ್ಫೆಲ್ಸೀನೆ’, ಸ್ವೀಡನ್ನಿನ ‘ಆಪೆಲ್‌ಸೀನ್’, ಫಿನ್‌ಲ್ಯಾಂಡಿನ ‘ಆಪೆಲ್‌ಸೀನಿ’, ಐಸ್‌ಲ್ಯಾಂಡಿನ ‘ಆಪೆಲ್‌ಸೀನ’, ರಷ್ಯಾದ ‘ಅಪೆಲ್‌ಸಿನ್’ ಎಲ್ಲವೂ ಸೇಬು ಮತ್ತು ಚೀನಾ ಸೇರಿದ ಪದಗಳೇ. ಸೇಬು ಯಾಕೆಂದರೆ ಹೊಸ ಗುಂಡನೆಯ ಫಲ ಏನೇ ಬಂದರೂ ಅದನ್ನು ಸೇಬು ಎನ್ನುವುದು ಯುರೋಪಿನ ಹಳೆಯ ಚಾಳಿ. ಆಲೂಗಡ್ಡೆ ಫ್ರೆಂಚರಿಗೆ ನೆಲದ ಸೇಬು, ಟೊಮೆಟೊ ಇಟಲಿಯವರಿಗೆ ಚಿನ್ನದ ಸೇಬು. ಜರ್ಮನಿಯಲ್ಲಿ ಈಗಲೂ ಉತ್ತರಕ್ಕೆ ‘ಆಪ್ಫೆಲ್ಸೀನೆ’, ದಕ್ಷಿಣಕ್ಕೆ ‘ಒರಾಂಝೆ’. ಒಂದೇ ದೇಶದೊಳಗೆ ಸಮುದ್ರದ ಸರಕೂ ಆಲ್ಪ್ಸ್ ದಾಟಿದ ಸರಕೂ ಬೇರೆ ಬೇರೆ ಚೀಟಿ ಹೊತ್ತಿವೆ.

ಇನ್ನೊಂದು ಸೇಬುಜೋಡಿಯೇ ನಿಜವಾದ ಮೋಸಗಾರ ಪದ. ಇಟಲಿಯವರು ‘ಪೋಮೊ’ ಎಂಬ ಹಣ್ಣಿನ ಪದಕ್ಕೆ ‘ಅರಾಂಚ’ ಸೇರಿಸಿ ಮಾಡಿದ್ದು ಆಲ್ಪ್ಸ್ ದಾಟಿ ಜರ್ಮನಿಯಲ್ಲಿ ‘ಪೊಮೆರಾಂಟ್ಸೆ’ ಆಯಿತು. ಅದೇ ಪದ ಪೋಲೆಂಡಿನಲ್ಲಿ ‘ಪೊಮರಾಂಚ’, ಚೆಕ್ ನಾಡಿನಲ್ಲಿ ‘ಪೊಮೆರಾಂಚ್’. ಜರ್ಮನರಿಗೂ ಸ್ವೀಡನ್ನರಿಗೂ ಇದು ಕಹಿ ಹಣ್ಣು. ಗಡಿ ದಾಟಿ ಪ್ರಾಗ್‌ಗೆ ಹೋದರೆ ಸಿಹಿ ಹಣ್ಣು. ಜರ್ಮನ್ ಅಡುಗೆ ಪುಸ್ತಕ ಹಿಡಿದ ಚೆಕ್ ಗೃಹಿಣಿ ಸಿಹಿ ಹಣ್ಣು ತಂದು ಸುಲಿದರೆ ಅವರ ತಪ್ಪೇನಿಲ್ಲ. ಕಹಿಯನ್ನು ಮೊದಲು ಕಂಡು ಪದವನ್ನು ಅದಕ್ಕೇ ಮೀಸಲಿಟ್ಟವರು ಒಂದು ಕಡೆ, ಸಿಹಿ ಬಂದಾಗ ಹಳೆಯ ಪದವನ್ನೇ ಅದರ ಕೈಗಿತ್ತವರು ಇನ್ನೊಂದು ಕಡೆ, ಅಷ್ಟೇ ವ್ಯತ್ಯಾಸ.

ರಷ್ಯನ್ ಭಾಷೆ ಮೂರೂ ದಾರಿಗಳ ಸರಕನ್ನು ಒಟ್ಟಿಗೆ ಇಳಿಸಿಕೊಂಡಿದೆ. ಸಿಹಿ ಹಣ್ಣು ಡಚ್ ಮೂಲದ ‘ಅಪೆಲ್‌ಸಿನ್’. ಕಹಿಯದು ಜರ್ಮನ್ ಕಡೆಯ ‘ಪೊಮೆರಾನೆತ್ಸ್’. ಬಣ್ಣ ಫ್ರೆಂಚಿನಿಂದ ‘ಒರಾಂಝೆವಿ’. ಚಳಿನಾಡಿನಲ್ಲಿ ಈ ಮರ ಉಳಿಸಲು ಶ್ರೀಮಂತರು ಗಾಜಿನ ಮನೆ ಕಟ್ಟುತ್ತಿದ್ದರು. ಅದು ‘ಒರಾಂಝೆರೇಯ’, ವರ್ಸೈ ಅರಮನೆಯಲ್ಲಿ 1680ರ ದಶಕದಲ್ಲಿ ಕಟ್ಟಿದ ಒರಾಂಝರಿ ಇಂಥವುಗಳಲ್ಲಿ ಹೆಸರುವಾಸಿ. ರಷ್ಯಾದಲ್ಲಿ ಈಗ ಯಾವ ಗಿಡ ಬೆಳೆಸುವ ಗಾಜಿನ ಮನೆಗೂ ಅದೇ ಪದ. ಒಳಗೆ ಕಿತ್ತಳೆ ಇರಬೇಕೆಂದಿಲ್ಲ. ಸೇಂಟ್ ಪೀಟರ್ಸ್‌ಬರ್ಗ್ ಬಳಿಯ ಒರಾನಿಯೆನ್‌ಬೌಮ್ ಎಂಬ ಊರಿನ ಹೆಸರಿಗೆ ಜರ್ಮನ್ನಿನಲ್ಲಿ ಕಿತ್ತಳೆ ಮರ ಎಂದರ್ಥ. 1948ರಲ್ಲಿ ಊರಿಗೆ ವಿಜ್ಞಾನಿ ಲೊಮೊನೊಸೊವ್ ಹೆಸರಿಟ್ಟರೂ ಅದರ ಲಾಂಛನದಲ್ಲಿ ಮರ ಹಾಗೇ ಇದೆ. ಪಕ್ಕದ ಯುಕ್ರೇನಿನ 2004ರ ಚಳವಳಿಗೆ ರಷ್ಯನ್ನಿನಲ್ಲಿ ‘ಒರಾಂಝೆವಾಯಾ’ ಕ್ರಾಂತಿ ಎಂದು ಹೆಸರು, ಯುಕ್ರೇನಿಯನ್ನಿನಲ್ಲಿ ‘ಪೊಮರಾಂಚೆವ’. ಒಂದು ಪ್ಯಾರಿಸ್ ಮೂಲಕ ಬಂದದ್ದು, ಇನ್ನೊಂದು ಪೋಲೆಂಡ್ ಮೂಲಕ.

ಹಂಗೇರಿಯಲ್ಲಿ ಹಣ್ಣಿನ ಹೆಸರಿಗೆ ರಾಜಕೀಯದ ವ್ಯಂಗ್ಯ ಅಂಟಿದೆ. 1969ರಲ್ಲಿ ಪೇಟರ್ ಬಾಚೊ ತೆಗೆದ ‘ಸಾಕ್ಷಿ’ ಎಂಬ ಚಿತ್ರದಲ್ಲಿ ಸಮಾಜವಾದಿ ಸರ್ಕಾರ ತನ್ನ ನೆಲದಲ್ಲೇ ಕಿತ್ತಳೆ ಬೆಳೆದು ತೋರಿಸುವ ಸಮಾರಂಭವಿದೆ. ಇದ್ದ ಒಂದೇ ಹಣ್ಣನ್ನು ಮಗು ತಿಂದುಬಿಡುತ್ತದೆ. ಗಾಬರಿಯಲ್ಲಿ ನಾಯಕನ ಕೈಗೆ ನಿಂಬೆಹಣ್ಣು ಕೊಟ್ಟು ಅದನ್ನೇ ಕಿತ್ತಳೆ ಎಂದು ಸಾಧಿಸುತ್ತಾರೆ. ಚಿತ್ರ ಹತ್ತು ವರ್ಷ ಡಬ್ಬದಲ್ಲಿ ಕೊಳೆಯಿತು. ಅಂದಿನಿಂದ ‘ಮಗ್ಯಾರ್ ನರಾಂಚ್’, ಅಂದರೆ ಹಂಗೇರಿಯನ್ ಕಿತ್ತಳೆ, ಎಂದರೆ ಇಲ್ಲದ್ದನ್ನು ಇದೆ ಎನ್ನುವ ಸರ್ಕಾರಿ ಸಾಧನೆ. 1989ರಲ್ಲಿ ಹೊರಟ ವಾರಪತ್ರಿಕೆಯೊಂದು ಅದೇ ಹೆಸರಿಟ್ಟುಕೊಂಡಿತು. ಆಗಿನ ತರುಣರ ಪಕ್ಷ ಫಿಡೆಸ್ ಕೂಡ ಕಿತ್ತಳೆಯನ್ನೇ ಗುರುತು ಮಾಡಿಕೊಂಡಿತು. ಮುಂದೆ ಪಕ್ಷ ದೇಶವಾಳಿತು, ಪತ್ರಿಕೆ ಅದನ್ನು ಕಟುವಾಗಿ ಟೀಕಿಸಿತು. ಸ್ಪೇನಿನಲ್ಲಿ ಇದಕ್ಕಿಂತ ಹಿತವಾದ ಅರ್ಥವಿದೆ: ‘ಮೆದಿಯಾ ನರಾಂಹ’, ಅರ್ಧ ಕಿತ್ತಳೆ ಎಂದರೆ ಬಾಳಸಂಗಾತಿ.

ಹಣ್ಣಿನ ನಂಟರನ್ನೂ ಚುಟುಕಾಗಿ ನೋಡಬಹುದು. ‘ಮ್ಯಾಂಡರಿನ್’ ಎಂದರೆ ಚೀನಾದ ಉನ್ನತ ಅಧಿಕಾರಿ. ಆ ಪದ ಪೋರ್ಚುಗೀಸಿಗೆ ಮಲಯ್ ಭಾಷೆಯ ‘ಮೆಂತೆರಿ’ಯಿಂದ ಬಂತು, ಅದಕ್ಕೆ ನಮ್ಮ ‘ಮಂತ್ರಿ’ಯಿಂದ. ಕೊಡಗಿನ ಕಿತ್ತಳೆಯ ರಫ್ತು ಚೀಟಿಯ ಮೇಲೆ ಮಂತ್ರಿ ಕೂತಿದ್ದಾರೆ. ‘ಟ್ಯಾಂಜರೀನ್’ ಮೊರೊಕ್ಕೊದ ಟ್ಯಾಂಜಿಯರ್ ಬಂದರಿನದು. ‘ಮಾರ್ಮಲೇಡ್’ ಪೋರ್ಚುಗೀಸರ ‘ಮಾರ್ಮೆಲೊ’ ಎಂಬ ಬೇರೆಯೇ ಹಣ್ಣಿನಿಂದ ಬಂದದ್ದು. ಇಂಗ್ಲಿಷರು ಅದನ್ನು ಸೆವಿಲ್ಲೆಯ ಕಹಿ ಕಿತ್ತಳೆಯ ಪಾಕಕ್ಕೆ ಕಟ್ಟಿಹಾಕಿದರು, ಜರ್ಮನರಿಗೂ ಆಸ್ಟ್ರಿಯನ್ನರಿಗೂ ಅದು ಯಾವ ಹಣ್ಣಿನ ಪಾಕವಾದರೂ ಸರಿ. 1979ರಲ್ಲಿ ಯುರೋಪಿನ ಆರ್ಥಿಕ ಸಮುದಾಯ ಇಂಗ್ಲಿಷರ ಅರ್ಥವನ್ನೇ ಕಾನೂನು ಮಾಡಿತು; ಆಸ್ಟ್ರಿಯಾದವರು ಬಹಳ ಕಾಲ ಗೊಣಗಿ ಕೊನೆಗೆ ಸ್ಥಳೀಯ ಸಂತೆಗಳ ಮಟ್ಟಿಗೆ ವಿನಾಯಿತಿ ಪಡೆದರು. ‘ಒರಾಂಗುಟಾನ್’ಗೂ ಇದಕ್ಕೂ ನಂಟಿಲ್ಲ, ಕೂದಲು ಎಷ್ಟೇ ಕಿತ್ತಳೆಯಾಗಿರಲಿ, ಅದು ಮಲಯ್‌ನಲ್ಲಿ ‘ಕಾಡಿನ ಮನುಷ್ಯ’.

ತಂದವರ ಬಂದರಿನ ಹೆಸರು ಹಣ್ಣಿಗೆ ಅಂಟುವುದು ಯುರೋಪಿಗೆ ಮಾತ್ರ ಸೀಮಿತವಲ್ಲ. ನಾವು ಜ್ವರ ಬಂದವರಿಗೆ ಕೊಂಡೊಯ್ಯುವ ಮೋಸಂಬಿ ಆಫ್ರಿಕಾದ ಮೊಜಾಂಬಿಕ್ ಹೆಸರಿನದು. ಮರದ ತವರು ಹಿಮಾಲಯದ ಬುಡದಲ್ಲಿದ್ದರೂ ಹಣ್ಣು ನಮಗೆ ಪೋರ್ಚುಗೀಸರ ಹಡಗಿನ ನಿಲ್ದಾಣದ ವಿಳಾಸ ಹೊತ್ತು ಬಂತು. ಹಿಂದಿಯ ‘ಸಂತರಾ’ ಪೋರ್ಚುಗಲ್ಲಿನ ಸಿಂತ್ರಾ ಊರಿನದೆಂಬ ಊಹೆ 1886ರ ‘ಹಾಬ್ಸನ್-ಜಾಬ್ಸನ್’ ಕೋಶದಷ್ಟು ಹಳೆಯದು. ಆದರೆ 1530ರಲ್ಲಿ ತೀರಿಕೊಂಡ ಬಾಬರ್ ತನ್ನ ಆತ್ಮಕಥೆಯಲ್ಲೇ ‘ಸಂಗ್‌ತರಾ’ವನ್ನು ಹಿಂದೂಸ್ತಾನದ ಹಣ್ಣುಗಳ ನಡುವೆ ಹೆಸರಿಸಿದ್ದಾನೆ. ಗೋವೆಗೆ ಪೋರ್ಚುಗೀಸರು ಬಂದು ಆಗಿನ್ನೂ ಎರಡು ದಶಕ. ಅಷ್ಟರಲ್ಲಿ ಅವರ ಊರಿನ ಹೆಸರು ಉತ್ತರದ ತೋಟಗಳಲ್ಲಿ ಬೇರೂರಿತ್ತು ಎಂದು ನಂಬುವುದು ನನಗೆ ಕಷ್ಟ.

ಡಚ್ ವ್ಯಾಪಾರಿಯ ಚೀಟಿ, ಅರಬ್ ಇತಿಹಾಸಕಾರನ ಸಾಲು, ಇಂಥವೆಲ್ಲ ಬರಹದಲ್ಲಿ ಉಳಿದದ್ದರಿಂದ ಯುರೋಪಿನ ನಾರಂಗದ ದಾರಿಯನ್ನು ಹೀಗೆ ಹಿಂಬಾಲಿಸಲು ಸಾಧ್ಯವಾಯಿತು. ನಮ್ಮ ಹಿತ್ತಿಲಿನ ಹುಳಿಹಣ್ಣುಗಳ ಕಥೆ ಹಾಗೆ ಬರಹಕ್ಕೆ ಇಳಿದಿಲ್ಲ. ಹೇರಳೆ, ಕಂಚಿ, ಗಜನಿಂಬೆ, ಮಾದಲ, ದೊಡ್ಲಿ ಎಂಬ ಹೆಸರುಗಳು ಊರಿಂದೂರಿಗೆ ಬೇರೆ ಬೇರೆ ಹಣ್ಣಿಗೆ ಸಲ್ಲುತ್ತವೆ. ಒಂದೂರಿನ ಕಂಚಿ ಪಕ್ಕದೂರಿನ ಹೇರಳೆ. ಮಲೆನಾಡು, ಕೊಡಗು, ಕರಾವಳಿಯ ಓದುಗರು ತಮ್ಮ ಮನೆಯಲ್ಲಿ ಯಾವ ಹಣ್ಣಿಗೆ ಯಾವ ಹೆಸರು, ಸಸಿ ಯಾವ ಊರಿನಿಂದ ಬಂತು, ಯಾರು ತಂದರು ಎಂಬುದನ್ನು ಹಿರಿಯರನ್ನು ಕೇಳಿ ಬರೆದಿಡಿ. ಜೊತೆಗೆ ಹಣ್ಣಿನ ಒಂದು ಚಿತ್ರವೂ ಇರಲಿ.